ಸದ್ದು ಒಂದೆಡೆ, ನೋವು ಇನ್ನೊಂದೆಡೆ: ದವಡೆ ಕೀಲಿನ ಒಂದು ಪ್ರಕರಣ ಅಧ್ಯಯನ

ದವಡೆ ಕೀಲಿನ ನೋವೆಂದು ಬರುವ ರೋಗಿಯ ಕಾಯಿಲೆಗೆ ಸರಿಯಾದ ಹೆಸರಿಡದೆ ಚಿಕಿತ್ಸೆ ಆರಂಭಿಸುವಂತಿಲ್ಲ. ಆದರೆ ಆ ಹೆಸರು ಒಂದೇ ಆಗಿರುವುದು ಅಪರೂಪ, ಒಮ್ಮೆ ಇಟ್ಟ ಹೆಸರು ಕೊನೆಯವರೆಗೆ ಉಳಿಯುವುದು ಇನ್ನೂ ಅಪರೂಪ. ಈ ಪ್ರಕರಣವನ್ನು ಬೋಧನೆಗೆಂದು ಹೆಣೆಯಲಾಗಿದೆ. ರೋಗಿ ಕಲ್ಪಿತರಾದರೂ ಅವರ ಲಕ್ಷಣಗಳು, ಅಲ್ಲಿಯವರೆಗೆ ಅವರಿಗೆ ದೊರೆತಿದ್ದ ಸಲಹೆಗಳು ಮತ್ತು ಚಿಕಿತ್ಸೆಯ ನಡುವೆ ಬಂದ ತಿರುವು, ಇವೆಲ್ಲ ಬಾಯಿ ಮತ್ತು ಮುಖದ ನೋವಿಗೆ ಚಿಕಿತ್ಸೆ ನೀಡುವವರು ಪದೇ ಪದೇ ಎದುರಿಸುವಂಥವೇ ಆಗಿವೆ.

ರೋಗಿಯ ದೂರು

ರೋಗಿ 34 ವರ್ಷದ ಮಹಿಳೆ. ದಿನದ ಬಹುಭಾಗ ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವವರು. ಎಂಟು ತಿಂಗಳಿಂದ ಬಲಗಿವಿಯ ಮುಂಭಾಗದಲ್ಲಿ ಮಂದವಾದ, ಎಳೆದಂತಾಗುವ ನೋವಿತ್ತು. ಅದು ಕೆನ್ನೆಗೂ ಕಣತಲೆಗೂ ಹರಡುತ್ತಿತ್ತು. ಬೆಳಿಗ್ಗೆ ಎದ್ದಾಗ ಹಾಗೂ ಕೆಲಸದ ಒತ್ತಡ ಹೆಚ್ಚಿದ ದಿನಗಳ ಸಂಜೆ ಜೋರಾಗುತ್ತಿತ್ತು. ಗಟ್ಟಿ ಪದಾರ್ಥ ಅಗಿದಾಗ, ದೊಡ್ಡದಾಗಿ ಆಕಳಿಸಿದಾಗ ನೋವು ಏರುತ್ತಿತ್ತು. ಕಿವಿ ತುಂಬಿಕೊಂಡ ಭಾವನೆ ಆಗಾಗ ಬರುತ್ತಿತ್ತು. ಇದಲ್ಲದೆ ಬಾಯಿ ತೆರೆದು ಮುಚ್ಚುವಾಗ ಬಲಗಡೆಯ ಕೀಲಿನಲ್ಲಿ ‘ಟಕ್’ ಎಂಬ ಸದ್ದು ಬರುತ್ತಿತ್ತು. ಅವರ ಚಿಂತೆಯೆಲ್ಲ ಈ ಸದ್ದಿನ ಸುತ್ತಲೇ ಇತ್ತು.

ಸದ್ದು ಯಾವಾಗ ಶುರುವಾಯಿತು ಎಂದು ವಿಚಾರಿಸಿದಾಗ, ಕಾಲೇಜಿನ ದಿನಗಳಿಂದಲೂ ಅದು ಇದೆ, ಆಗ ನೋವಿರಲಿಲ್ಲ ಎಂದರು. ಹತ್ತು ವರ್ಷಕ್ಕೂ ಮಿಕ್ಕಿ ನೋವಿಲ್ಲದೆ ಇದ್ದ ಸದ್ದು ಎಂಟು ತಿಂಗಳ ನೋವಿಗೆ ಏಕಮಾತ್ರ ಕಾರಣವಾಗುವುದು ಕಷ್ಟ ಎಂಬ ಅನುಮಾನ ಅಲ್ಲಿಯೇ ಹುಟ್ಟಬೇಕು. ಅವರಾಗಿಯೇ ಹೇಳದೆ, ಕೇಳಿದ ಮೇಲೆ ಮಾತ್ರ ಹೇಳಿದ ಇನ್ನೊಂದು ಸಂಗತಿಯಿತ್ತು: ಕಳೆದ ಒಂದು ತಿಂಗಳಲ್ಲಿ ಎರಡು ಮೂರು ಬೆಳಿಗ್ಗೆ ದವಡೆ ಅರ್ಧಕ್ಕೇ ಹಿಡಿದುಕೊಂಡಿತ್ತು, ದವಡೆಯನ್ನು ಅತ್ತಿತ್ತ ಆಡಿಸಿದಾಗ ಕೆಲವೇ ಕ್ಷಣಗಳಲ್ಲಿ ಸದ್ದಿನೊಂದಿಗೆ ಬಿಟ್ಟುಕೊಂಡಿತ್ತು. ಚರಿತ್ರೆ ಬರೆದುಕೊಳ್ಳುವಾಗ ಈ ಪ್ರಶ್ನೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಮುಂದೆ ನಡೆದದ್ದಕ್ಕೆ ಸುಳಿವು ಇದ್ದದ್ದು ಇದರಲ್ಲಿಯೇ.

ಅವರು ಆಗಲೇ ಹಲವು ವೈದ್ಯರನ್ನು ಕಂಡಿದ್ದರು. ಕಿವಿಯ ತಜ್ಞರು ಪರೀಕ್ಷಿಸಿ ಕಿವಿ ಆರೋಗ್ಯವಾಗಿದೆ ಎಂದಿದ್ದರು. ಒಬ್ಬ ದಂತವೈದ್ಯರು ಬಲಗಡೆಯ ಕೆಳದವಡೆಯ ಹಲ್ಲಿನ ಮೇಲೆ ಶಂಕೆಪಟ್ಟು ಬೇರುನಾಳ ಚಿಕಿತ್ಸೆಯ ಮಾತೆತ್ತಿದ್ದರು. ಆದರೆ ತಣ್ಣನೆಯ ಪರೀಕ್ಷೆಗೆ ಆ ಹಲ್ಲು ಅಕ್ಕಪಕ್ಕದ ಹಲ್ಲುಗಳಂತೆಯೇ ಸ್ಪಂದಿಸುತ್ತಿತ್ತು, ಎಕ್ಸ್‌ರೇಯಲ್ಲಿಯೂ ದೋಷ ಕಾಣಲಿಲ್ಲ. ಇನ್ನೊಬ್ಬರು ರಾತ್ರಿ ಹಾಕಿಕೊಳ್ಳಲು ಮೆತ್ತನೆಯ ಗಾರ್ಡ್ ಕೊಟ್ಟಿದ್ದರು. ಮೂರನೆಯವರು ಎಂಆರ್‌ಐ ಮಾಡಿಸಿ, ಡಿಸ್ಕ್ (ಕೀಲಿನ ಮೂಳೆಗಳ ನಡುವಿನ ಮೆತ್ತೆ) ಮುಂದಕ್ಕೆ ಜಾರಿದೆ, ಹಲ್ಲುಗಳನ್ನು ತೇಯ್ದು ಕಡಿತವನ್ನು (ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ಬಗೆಯನ್ನು) ಸರಿಪಡಿಸಬೇಕು, ಅದರಿಂದಲೂ ಆಗದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದರು. ವರದಿಯ ಲಕೋಟೆಯನ್ನು ಮುಂದಿಟ್ಟು ಅವರು ಕೇಳಿದ ಮೊದಲ ಪ್ರಶ್ನೆ: “ಡಾಕ್ಟರೇ, ಈ ಸದ್ದು ನಿಂತರೆ ನೋವೂ ನಿಲ್ಲುತ್ತದೆ ಅಲ್ಲವೇ?”

ಮೊದಲು ತಳ್ಳಿಹಾಕಬೇಕಾದದ್ದು

ದವಡೆ ಕೀಲಿನ ತೊಂದರೆಯಂತೆ ನಟಿಸುವ ಗಂಭೀರ ಕಾಯಿಲೆಗಳು ಕೆಲವಿವೆ. ಜ್ವರ, ಊತ, ಕಾರಣವಿಲ್ಲದ ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಇದ್ದ ಚರಿತ್ರೆ, ಮುಖದ ಯಾವುದೇ ಭಾಗದಲ್ಲಿ ಜೋಮು ಅಥವಾ ಬಲಹೀನತೆ, ದಿನದಿಂದ ದಿನಕ್ಕೆ ಬಾಯಿ ಬಿಗಿಯುತ್ತ ಹೋಗುವುದು, ಒಮ್ಮೆಲೇ ಬದಲಾದ ಹಲ್ಲಿನ ಕಡಿತ, ಇವುಗಳಲ್ಲಿ ಯಾವುದಾದರೂ ಇದ್ದರೆ ದಾರಿಯೇ ಬೇರೆ. ವಯಸ್ಸು 50 ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಶುರುವಾಗಿ, ಅಗಿಯುತ್ತ ಹೋದಂತೆ ದವಡೆ ಸೋತು ನೋಯುವುದಾದರೆ ದೊಡ್ಡಕೋಶಗಳ ಅಪಧಮನಿ ಉರಿಯೂತವನ್ನು ಅಂದೇ ಶಂಕಿಸಬೇಕು. ಅಲ್ಲಿ ಸ್ಟೀರಾಯ್ಡ್ ಕೊಡುವುದು ತಡವಾದರೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಅದನ್ನು ದವಡೆ ನೋವೆಂದು ತಿಳಿದು ಸ್ಪ್ಲಿಂಟ್ (ಹಲ್ಲುಗಳ ಮೇಲೆ ಹಾಕಿಕೊಳ್ಳುವ ಅಚ್ಚು) ಮಾಡಿಕೊಡುತ್ತ ಕೂರುವುದು ಅಕ್ಷಮ್ಯ. ಈ ರೋಗಿಯಲ್ಲಿ ಇಂಥ ಯಾವ ಸೂಚನೆಯೂ ಇರಲಿಲ್ಲ. ಕ್ಷಣಮಾತ್ರದ ವಿದ್ಯುತ್ ಹೊಡೆತದಂಥ ನೋವು ಇಲ್ಲದ್ದರಿಂದ ಟ್ರೈಜೆಮಿನಲ್ ನರಶೂಲೆಯನ್ನೂ (ಮುಖದ ಸಂವೇದನಾ ನರದ ನೋವು) ಬದಿಗಿಡಲಾಯಿತು.

ಪರೀಕ್ಷೆ

ಬಾಯಿ ತೆರೆಯುವಾಗ ಕೆಳದವಡೆಯ ಕಾಂಡೈಲ್ (ಕೀಲಿನೊಳಗೆ ಕೂರುವ ಮೂಳೆಯ ದುಂಡನೆಯ ತುದಿ) ಮೊದಲು ಇದ್ದಲ್ಲಿಯೇ ತಿರುಗುತ್ತದೆ, ಆಮೇಲೆ ಡಿಸ್ಕಿನೊಡನೆ ಮುಂದಕ್ಕೆ ಜಾರುತ್ತದೆ. ತಿರುಗುವಿಕೆ ಕೀಲಿನ ಕೆಳಗಿನ ಕೋಣೆಯಲ್ಲಿಯೂ ಜಾರುವಿಕೆ ಮೇಲಿನ ಕೋಣೆಯಲ್ಲಿಯೂ ನಡೆಯುತ್ತದೆ. ಡಿಸ್ಕ್ ತನ್ನ ಜಾಗದಿಂದ ಮುಂದಕ್ಕೆ ಸರಿದಿದ್ದರೆ, ಕಾಂಡೈಲ್ ಮುಂದೆ ಬರುತ್ತ ಡಿಸ್ಕಿನ ಹಿಂದಿನ ಅಂಚನ್ನು ಹತ್ತಿ ಅದರಡಿಗೆ ಸೇರಿಕೊಳ್ಳುವಾಗ ಸದ್ದಾಗುತ್ತದೆ. ಬಾಯಿ ಮುಚ್ಚುವಾಗ ಡಿಸ್ಕ್ ಮತ್ತೆ ಮುಂದಕ್ಕೆ ಜಾರಿಬಿಡುತ್ತದೆ, ಆಗ ಎರಡನೆಯ, ಸಾಮಾನ್ಯವಾಗಿ ಮೆಲುವಾದ ಸದ್ದು ಬರುತ್ತದೆ. ಕಾಂಡೈಲ್ ಡಿಸ್ಕನ್ನು ಹತ್ತಲಾಗದೆ ಅದರ ಹಿಂದೆಯೇ ತಡೆದು ನಿಂತರೆ ಸದ್ದೂ ಇಲ್ಲ, ಬಾಯಿಯೂ ಪೂರ್ತಿ ತೆರೆಯುವುದಿಲ್ಲ.

ಬಾಚಿಹಲ್ಲುಗಳ ಅಂಚಿನ ನಡುವಿನ ಅಂತರಕ್ಕೆ, ಮೇಲಿನವು ಕೆಳಗಿನವನ್ನು ಮುಚ್ಚುವ 3 ಮಿಲಿಮೀಟರ್ ಹೊದಿಕೆಯನ್ನು ಸೇರಿಸಿ ಅಳೆದಾಗ, ನೋವಿಲ್ಲದೆ 34, ನೋವು ಸಹಿಸಿಕೊಂಡು 46, ಪರೀಕ್ಷಕರು ಬೆರಳಿನಿಂದ ಮೆಲ್ಲನೆ ಹಿಗ್ಗಿಸಿದಾಗ 49 ಮಿಲಿಮೀಟರ್ ಬಾಯಿ ತೆರೆಯುತ್ತಿತ್ತು. ವಯಸ್ಕರಲ್ಲಿ 40 ಮಿಲಿಮೀಟರ್ ದಾಟಿದರೆ ಅದನ್ನು ಅಡಚಣೆ ಎಂದು ಕರೆಯುವುದಿಲ್ಲ. ತೆರೆಯುವಾಗ ದವಡೆ ಬಲಕ್ಕೆ ವಾಲಿ, ಸದ್ದಾದ ಮೇಲೆ ನಡುವಿಗೆ ಮರಳುತ್ತಿತ್ತು. ಪಕ್ಕದ ಚಲನೆ ಎರಡೂ ಕಡೆ 9 ಮಿಲಿಮೀಟರ್ ಇತ್ತು. ಮೂರು ಬಾರಿ ತೆರೆದು ಮುಚ್ಚಿಸಿದಾಗಲೂ ಎರಡೂ ದಿಕ್ಕಿನಲ್ಲಿ ಸದ್ದು ಬೆರಳಿಗೆ ಸಿಕ್ಕಿತು.

ಈ ಪರೀಕ್ಷೆಯ ಜೀವಾಳ ಬೆರಳೊತ್ತಿ ನೋಡುವುದರಲ್ಲಿದೆ. ಯಾರ ಕೆನ್ನೆಯನ್ನಾದರೂ ಸಾಕಷ್ಟು ಜೋರಾಗಿ ಒತ್ತಿದರೆ ನೋಯುತ್ತದೆ. ಹಾಗೆ ನೋಯಿಸಿದ್ದನ್ನೇ ರೋಗಲಕ್ಷಣವೆಂದು ಬರೆದುಕೊಂಡರೆ ಆರೋಗ್ಯವಂತರೂ ರೋಗಿಗಳಾಗುತ್ತಾರೆ. ಆದ್ದರಿಂದ ಇಲ್ಲಿ ಎರಡು ಕಟ್ಟುಪಾಡುಗಳಿವೆ. ಮೊದಲನೆಯದು ಒತ್ತಡದ ಅಳತೆ: ಮ್ಯಾಸೆಟರ್ (ಕೆನ್ನೆಯ) ಮತ್ತು ಟೆಂಪೊರಾಲಿಸ್ (ಕಣತಲೆಯ) ಸ್ನಾಯುಗಳ ಮೇಲೆ ಸುಮಾರು 1 ಕಿಲೋಗ್ರಾಂ, ಕೀಲಿನ ಹೊರತುದಿಯ ಮೇಲೆ ಅದರ ಅರ್ಧ. ಬೆರಳಿಗೆ ಈ ಅಂದಾಜು ತಾನಾಗಿ ಬರುವುದಿಲ್ಲ. ಸಣ್ಣ ತಕ್ಕಡಿಯ ಮೇಲೆ ಒತ್ತಿ ಅಭ್ಯಾಸ ಮಾಡಿಕೊಳ್ಳಬೇಕು. ಎರಡನೆಯದು ಒತ್ತಿದಾಗ ಕೇಳುವ ಪ್ರಶ್ನೆ. ‘ನೋಯುತ್ತದೆಯೇ’ ಎಂದಷ್ಟೇ ಕೇಳಿದರೆ ಸಾಲದು. ‘ಕಳೆದ ಮೂವತ್ತು ದಿನಗಳಲ್ಲಿ ನಿಮ್ಮನ್ನು ಕಾಡಿದ ನೋವು ಇದೇನಾ’ ಎಂದು ಕೇಳಬೇಕು. ರೋಗಿಗೆ ಪರಿಚಿತವಾದ ನೋವು ಮರುಕಳಿಸಿದ ಜಾಗವೇ ಲೆಕ್ಕಕ್ಕೆ ಬರುವ ಜಾಗ.

ಕೀಲಿನ ಹೊರತುದಿಯನ್ನು ಒತ್ತಿದಾಗ ಅವರು ಸ್ವಲ್ಪ ಮುಖ ಕಿವುಚಿದರು. ಆದರೆ ಪ್ರಶ್ನೆಗೆ, “ಒತ್ತಿದ್ದಕ್ಕೆ ನೋಯಿತು ಅಷ್ಟೇ, ಇದು ನನ್ನ ನೋವಲ್ಲ” ಎಂದರು. ಬಲ ಮ್ಯಾಸೆಟರ್ ಸ್ನಾಯುವಿನ ನಡುಭಾಗವನ್ನು ಒತ್ತಿದಾಗ ಉತ್ತರ ತಟ್ಟನೆ ಬಂತು: “ಇದೇ, ಇದೇ ನೋವು.” ಬೆರಳನ್ನು ಅಲ್ಲಿಯೇ ಐದು ಸೆಕೆಂಡು ಹಿಡಿದಾಗ ಆ ನೋವು ಕಿವಿಯೊಳಕ್ಕೂ, ಹಿಂದೆ ಬೇರುನಾಳ ಚಿಕಿತ್ಸೆಗೆ ಗುರಿಯಾಗಬೇಕಿದ್ದ ಅದೇ ಕೆಳಹಲ್ಲಿಗೂ ಹರಿಯಿತು. ಟೆಂಪೊರಾಲಿಸ್‌ನ ಮುಂಭಾಗವನ್ನು ಒತ್ತಿದಾಗ ಕಣತಲೆಯ ತಲೆನೋವು ಹಾಗೆಯೇ ಮರುಕಳಿಸಿತು. ಎರಡು ದವಡೆ ಹಲ್ಲುಗಳ ಮೇಲೆ ಸವೆತದ ಗುರುತುಗಳಿದ್ದವು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚುಗಳಿದ್ದವು. ಇವು ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸದ ಕಡೆಗೆ ಬೆರಳು ತೋರಿಸಬಹುದು, ಆದರೆ ಅದನ್ನು ಸಾಬೀತು ಮಾಡುವುದಿಲ್ಲ.

ವರ್ಗೀಕರಣ

ದವಡೆ ಕೀಲಿನ ತೊಂದರೆಗಳನ್ನು ಹೆಸರಿಸಿದ ಇತಿಹಾಸ, ಒಂದೇ ಕಾರಣವನ್ನು ಹುಡುಕಿದ ಇತಿಹಾಸವೂ ಹೌದು. 1934ರಲ್ಲಿ ಜೇಮ್ಸ್ ಕಾಸ್ಟೆನ್ ಎಂಬ ಕಿವಿ-ಗಂಟಲು ತಜ್ಞರು, ಹಿಂದಿನ ಹಲ್ಲುಗಳನ್ನು ಕಳೆದುಕೊಂಡವರಲ್ಲಿ ದವಡೆ ಅತಿಯಾಗಿ ಮುಚ್ಚಿಕೊಂಡು ಕೀಲಿನ ಹಿಂದಿನ ಭಾಗಗಳ ಮೇಲೆ ಒತ್ತಡ ಬೀಳುವುದರಿಂದ ಕಿವಿಯ ಲಕ್ಷಣಗಳೂ ನೋವೂ ಬರುತ್ತವೆ ಎಂದು ವಿವರಿಸಿದರು. ಅಂಗರಚನೆ ಬಲ್ಲವರು ಅದನ್ನು ಒಪ್ಪಲಿಲ್ಲ. ಆದರೂ ಕಡಿತವೇ ಮೂಲ ಎಂಬ ನಂಬಿಕೆ ದಂತವೈದ್ಯರಲ್ಲಿ ಬೇರುಬಿಟ್ಟಿತು, ಈ ರೋಗಿಯ ಹಲ್ಲುಗಳನ್ನು ತೇಯಲು ಹೊರಟ ಸಲಹೆಯವರೆಗೂ ಅದು ಬದುಕಿದೆ. 1969ರಲ್ಲಿ ಡೇನಿಯಲ್ ಲಾಸ್ಕಿನ್ ಸ್ನಾಯುಗಳನ್ನೂ ಮಾನಸಿಕ ಒತ್ತಡವನ್ನೂ ಮುಂದಕ್ಕೆ ತಂದರು. 1989ರಲ್ಲಿ ಬಂದ ವಿಲ್ಕ್ಸ್ ಶ್ರೇಣೀಕರಣ ಡಿಸ್ಕಿನ ಸ್ಥಳಾಂತರವನ್ನು ಐದು ಹಂತಗಳಾಗಿ ವಿಂಗಡಿಸಿತು. ಶಸ್ತ್ರಚಿಕಿತ್ಸಕರು ಇಂದಿಗೂ ಅದನ್ನು ಬಳಸುತ್ತಾರೆ. ಅದರ ಪ್ರಕಾರ ನಮ್ಮ ರೋಗಿ ಎರಡನೆಯ ಹಂತದವರು. ಆದರೆ ಆ ಏಣಿಯಲ್ಲಿ ಸ್ನಾಯುವಿಗೆ ಮೆಟ್ಟಿಲೇ ಇಲ್ಲ. ಅದೊಂದನ್ನೇ ಹಿಡಿದು ಹೊರಟರೆ, ಬೆರಳೊತ್ತಿದಾಗ “ಇದೇ ನೋವು” ಎಂದು ಅವರು ಹೇಳಿದ ಜಾಗ ದಾಖಲೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಇಂದು ಸಂಶೋಧನೆಗೂ ಚಿಕಿತ್ಸೆಗೂ ಸಮಾನವಾಗಿ ಒದಗುವ ಮಾನದಂಡ 1992ರ ಸಂಶೋಧನಾ ಮಾನದಂಡಗಳಿಂದ ಬೆಳೆದು 2014ರಲ್ಲಿ ಪ್ರಕಟವಾದ ಡಿಸಿ/ಟಿಎಂಡಿ, ಅಂದರೆ ದವಡೆ ಕೀಲಿನ ತೊಂದರೆಗಳ ರೋಗನಿರ್ಣಯ ಮಾನದಂಡಗಳು. ಇದಕ್ಕೆ ಎರಡು ಅಕ್ಷಗಳಿವೆ. ಮೊದಲನೆಯದು ದೇಹದ ರೋಗನಿರ್ಣಯಗಳನ್ನು ಹೇಳುತ್ತದೆ. ಎರಡನೆಯದು ನೋವು ಆ ವ್ಯಕ್ತಿಯ ಬದುಕನ್ನು ಎಷ್ಟು ಆಕ್ರಮಿಸಿದೆ ಎಂಬುದನ್ನು ಅಳೆಯುತ್ತದೆ. ಒಬ್ಬ ರೋಗಿಗೆ ಒಂದಕ್ಕಿಂತ ಹೆಚ್ಚು ನಿರ್ಣಯ ಕೊಡಲು ಇದು ಅವಕಾಶ ಕೊಡುತ್ತದೆ, ಕೊಡಲೇಬೇಕೆಂದು ಒತ್ತಾಯಿಸುತ್ತದೆ ಎಂದರೂ ತಪ್ಪಲ್ಲ. ಅದರಂತೆ ಮೊದಲ ಭೇಟಿಯ ನಿರ್ಣಯಗಳು ಹೀಗಾದವು: ಬಲ ಮ್ಯಾಸೆಟರಿನಲ್ಲಿ ಬೇರೆಡೆಗೆ ಹರಿಯುವ ಮಯೋಫೇಶಿಯಲ್ (ಸ್ನಾಯು ಮೂಲದ) ನೋವು, ದವಡೆ ತೊಂದರೆಗೆ ಸಂಬಂಧಿಸಿದ ತಲೆನೋವು, ಬಲ ಕೀಲಿನಲ್ಲಿ ಮರಳಿ ಕೂಡುವ, ಆದರೆ ಆಗಾಗ ಹಿಡಿದುಕೊಳ್ಳುವ ಡಿಸ್ಕ್ ಸ್ಥಳಾಂತರ. ಕೀಲಿನ ನೋವು ಎಂಬ ನಿರ್ಣಯವನ್ನು ಕೊಡಲಿಲ್ಲ, ಏಕೆಂದರೆ ಕೀಲನ್ನು ಒತ್ತಿದಾಗ ಬಂದದ್ದು ಪರಿಚಿತ ನೋವಾಗಿರಲಿಲ್ಲ. ಅಂದರೆ ಸದ್ದು ಕೀಲಿನದು, ನೋವು ಸ್ನಾಯುವಿನದು.

ಎಂಆರ್‌ಐ ವರದಿಯಲ್ಲಿ ಬಲಗಡೆ ಡಿಸ್ಕ್ ಮುಂದಕ್ಕೆ ಸರಿದಿತ್ತು, ಬಾಯಿ ತೆರೆದಾಗ ಜಾಗಕ್ಕೆ ಮರಳುತ್ತಿತ್ತು. ವರದಿ ಸುಳ್ಳಲ್ಲ. ಆದರೆ ಯಾವ ತೊಂದರೆಯೂ ಇಲ್ಲದ ಸ್ವಯಂಸೇವಕರನ್ನು ಎಂಆರ್‌ಐಗೆ ಒಳಪಡಿಸಿದರೂ ಸುಮಾರು ಮೂರನೇ ಒಂದು ಭಾಗದ ಜನರಲ್ಲಿ ಡಿಸ್ಕ್ ಸರಿದಿರುವುದು ಕಾಣುತ್ತದೆ. ಇನ್ನೊಂದು ಕಡೆ, ಮರಳಿ ಕೂಡುವ ಡಿಸ್ಕ್ ಸ್ಥಳಾಂತರವನ್ನು ಕೈಪರೀಕ್ಷೆಯಿಂದ ಹಿಡಿಯುವ ಸಾಮರ್ಥ್ಯ ಕಡಿಮೆ: ಡಿಸಿ/ಟಿಎಂಡಿಯಲ್ಲಿ ಅದರ ಸೂಕ್ಷ್ಮತೆ (ತೊಂದರೆ ಇದ್ದವರನ್ನು ಗುರುತಿಸುವ ಪ್ರಮಾಣ) ಕೇವಲ 0.34, ನಿರ್ದಿಷ್ಟತೆ (ತೊಂದರೆ ಇಲ್ಲದವರನ್ನು ಇಲ್ಲವೆಂದೇ ಗುರುತಿಸುವ ಪ್ರಮಾಣ) 0.92. ಅದೇ ಮಾನದಂಡದಲ್ಲಿ ಸ್ನಾಯು ನೋವಿನ ಸೂಕ್ಷ್ಮತೆ 0.90, ನಿರ್ದಿಷ್ಟತೆ 0.99. ಇದನ್ನು ನೋಡಿ ಎಲ್ಲರಿಗೂ ಎಂಆರ್‌ಐ ಮಾಡಿಸಬೇಕೆಂದು ವಾದಿಸುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನೋವು ಕೊಡದ, ಬಾಯಿ ತೆರೆಯುವುದಕ್ಕೆ ಅಡ್ಡಬಾರದ ಡಿಸ್ಕ್ ಎಲ್ಲಿದೆ ಎಂದು ತಿಳಿದರೂ ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ‘ಜಾರಿದೆ’ ಎಂಬ ಮಾತು ಕಿವಿಗೆ ಬಿದ್ದ ರೋಗಿ ಬದಲಾಗುತ್ತಾರೆ. ಇವರು ಆರು ತಿಂಗಳಿಂದ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರು, ಆಕಳಿಕೆಯನ್ನು ಒತ್ತಿ ಹಿಡಿಯುತ್ತಿದ್ದರು, ದಿನಕ್ಕೆ ಹಲವು ಬಾರಿ ಕನ್ನಡಿಯೆದುರು ನಿಂತು ಸದ್ದು ಇನ್ನೂ ಇದೆಯೇ ಎಂದು ದವಡೆ ಆಡಿಸಿ ನೋಡುತ್ತಿದ್ದರು.

ಎರಡನೆಯ ಅಕ್ಷ ಇಲ್ಲಿ ಬಹಳ ಹೇಳಿತು. ಈಗಿನ, ಅತಿ ಹೆಚ್ಚಿನ ಮತ್ತು ಸರಾಸರಿ ನೋವನ್ನು ಹತ್ತಕ್ಕೆ ಕ್ರಮವಾಗಿ 5, 8 ಮತ್ತು 6 ಎಂದರು. ಸರಾಸರಿ ತೆಗೆದು ಹತ್ತರಿಂದ ಗುಣಿಸಿದರೆ ನೂರಕ್ಕೆ 63. ಕೆಲಸ ತಪ್ಪಿದ ದಿನಗಳು ತೀರ ಕಡಿಮೆ ಇದ್ದುದರಿಂದ ದೀರ್ಘಕಾಲದ ನೋವಿನ ಶ್ರೇಣಿಯಲ್ಲಿ ಇದು ಎರಡನೆಯದು, ಎಂದರೆ ತೀವ್ರತೆ ಹೆಚ್ಚು, ದಿನನಿತ್ಯದ ಕೆಲಸಕ್ಕೆ ಅಡಚಣೆ ಕಡಿಮೆ. ಆತಂಕ ಮತ್ತು ಖಿನ್ನತೆಯನ್ನು ಸೋಸಿ ನೋಡುವ ಪಿಎಚ್‌ಕ್ಯೂ-4ರಲ್ಲಿ 12ಕ್ಕೆ 7 ಅಂಕ ಬಂತು, ಮಧ್ಯಮ ಮಟ್ಟ. ಮುಂದುವರಿದು ನೋಡಿದಾಗ ಆತಂಕದ ಜಿಎಡಿ-7ರಲ್ಲಿ 12 ಬಂತು. ನಿದ್ದೆ ಕೆಟ್ಟಿತ್ತು. ಬಾಯಿಯ ಅಭ್ಯಾಸಗಳ 21 ಪ್ರಶ್ನೆಗಳ ಪಟ್ಟಿಯಲ್ಲಿ, ಎಚ್ಚರವಿರುವಾಗ ಹಲ್ಲಿಗೆ ಹಲ್ಲು ತಾಗಿಸಿಕೊಂಡೇ ಇರುವುದು ಮತ್ತು ದವಡೆ ಬಿಗಿಹಿಡಿಯುವುದು ‘ಬಹುಪಾಲು ಸಮಯ’ ಎಂದು ಗುರುತಾಗಿದ್ದವು. ಅವರು ತಮ್ಮ ತೊಂದರೆಯನ್ನು ರಾತ್ರಿಯದೆಂದು ತಿಳಿದಿದ್ದರು, ಗಾರ್ಡ್ ಕೊಟ್ಟವರೂ ಹಾಗೆಯೇ ತಿಳಿದಿದ್ದರು. ಹಗಲಿನ ಎಂಟು ಗಂಟೆಗಳ ಬಗ್ಗೆ ಯಾರೂ ವಿಚಾರಿಸಿರಲಿಲ್ಲ. 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಒಪೆರಾ ಎಂಬ ದೊಡ್ಡ ಅಧ್ಯಯನ, ನೋವಿಲ್ಲದ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಹೊಸದಾಗಿ ದವಡೆ ನೋವು ಬರುವವರಲ್ಲಿ ನಿದ್ದೆಯ ಗುಣಮಟ್ಟ, ದೇಹದ ಇತರ ನೋವುಗಳು, ಬಾಯಿಯ ಅಭ್ಯಾಸಗಳು ಮತ್ತು ಮಾನಸಿಕ ಒತ್ತಡ ಮುಖ್ಯವಾಗುತ್ತವೆ ಎಂದು ತೋರಿಸಿತು. ಈ ರೋಗಿಯ ಪ್ರಶ್ನಾವಳಿಗಳು ಆ ಚಿತ್ರಕ್ಕೆ ಸರಿಯಾಗಿ ಹೊಂದುತ್ತಿದ್ದವು.

ಚಿಕಿತ್ಸೆಯ ಮೊದಲ ಹಂತ

ಹಲ್ಲು ತೇಯುವ ಸಲಹೆಯನ್ನು ನಿರಾಕರಿಸಲಾಯಿತು. ಅದು ಹಿಂದಕ್ಕೆ ತೆಗೆದುಕೊಳ್ಳಲಾಗದ ಕ್ರಮ. ಕಡಿತವನ್ನು ಬದಲಿಸುವುದರಿಂದ ಈ ನೋವು ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. 2023ರ ಕೊನೆಯಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ, ದೀರ್ಘಕಾಲದ ದವಡೆ ನೋವಿಗೆ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ), ಚಿಕಿತ್ಸಕರು ಕೈಯಿಂದ ಮಾಡುವ ಕೀಲು ಸಡಿಲಿಕೆ, ನೋವಿನ ಗಂಟುಗಳ ಮೇಲಿನ ಕೈಚಿಕಿತ್ಸೆ, ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ ಹಾಗೂ ಭಂಗಿಯ ವ್ಯಾಯಾಮಗಳು, ತಿಳಿವಳಿಕೆ ಮತ್ತು ಮನೆ ವ್ಯಾಯಾಮ ಇವುಗಳನ್ನು ಬಲವಾಗಿ ಶಿಫಾರಸು ಮಾಡುತ್ತದೆ. ತೆಗೆದು ಹಾಕಬಹುದಾದ ಸ್ಪ್ಲಿಂಟ್, ಕೀಲು ತೊಳೆಯುವಿಕೆ, ಬೊಟುಲಿನಮ್ ಚುಚ್ಚುಮದ್ದು, ಬೆಂಜೊಡಯಜೆಪೀನ್ ಎಂಬ ಆತಂಕ ಶಮನ ಮಾತ್ರೆಗಳ ವಿರುದ್ಧ ಅದು ಷರತ್ತಿನ ಶಿಫಾರಸು ಕೊಡುತ್ತದೆ. ಕಡಿತವನ್ನು ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್ ಮತ್ತು ಡಿಸ್ಕ್ ತೆಗೆಯುವ ಶಸ್ತ್ರಚಿಕಿತ್ಸೆಗಳ ವಿರುದ್ಧ ಬಲವಾದ ಶಿಫಾರಸು ಕೊಡುತ್ತದೆ. ಸ್ಪ್ಲಿಂಟನ್ನೇ ನೆಚ್ಚಿಕೊಂಡ ನಮ್ಮ ವೃತ್ತಿಗೆ ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ. ನನಗೂ ಸ್ಪ್ಲಿಂಟ್ ಪೂರ್ತಿ ನಿರುಪಯುಕ್ತವೆಂದು ಅನ್ನಿಸುವುದಿಲ್ಲ; ಹಲ್ಲು ಸವೆಯದಂತೆ ಕಾಪಾಡುವುದು ಅದರ ಕೆಲಸ, ಅದನ್ನು ಮಾಡುತ್ತದೆ. ಅದನ್ನು ನೋವಿನ ಮೊದಲ ಮದ್ದಾಗಿ ಕೊಡುವುದು ಮಾತ್ರ ಸರಿಯಲ್ಲ.

ಆದ್ದರಿಂದ ಮೊದಲ ಭೇಟಿಯ ಬಹುಪಾಲು ಸಮಯ ವಿವರಣೆಗೆ ಹೋಯಿತು. ಸದ್ದು ಮತ್ತು ನೋವು ಬೇರೆ ಬೇರೆ ಜಾಗದಿಂದ ಬರುತ್ತಿವೆ, ಸದ್ದು ಉಳಿದರೂ ನೋವು ಹೋಗಬಹುದು ಎಂಬುದನ್ನು ಅವರದೇ ಬೆರಳನ್ನು ಮ್ಯಾಸೆಟರಿನ ಮೇಲೆ ಇರಿಸಿ ತೋರಿಸಲಾಯಿತು. ನುಂಗುವ ಮತ್ತು ಅಗಿಯುವ ಹೊತ್ತನ್ನು ಬಿಟ್ಟರೆ ಹಲ್ಲುಗಳು ಒಂದಕ್ಕೊಂದು ತಾಗಬೇಕಾಗಿಲ್ಲ. ತುಟಿ ಮುಚ್ಚಿ, ಹಲ್ಲು ಬಿಡಿಯಾಗಿ, ನಾಲಿಗೆ ಸಡಿಲವಾಗಿರುವುದೇ ದವಡೆಯ ವಿಶ್ರಾಂತಿ ಸ್ಥಿತಿ. ಫೋನಿನಲ್ಲಿ ಗಂಟೆಗೊಮ್ಮೆ ಮೌನ ಸೂಚನೆ ಬರುವಂತೆ ಇಟ್ಟುಕೊಂಡು ಆ ಕ್ಷಣ ಹಲ್ಲು ತಾಗಿದೆಯೇ ಎಂದು ಗಮನಿಸಲು ಹೇಳಲಾಯಿತು. ಕನ್ನಡಿ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಎರಡು ವಾರ ಮೆತ್ತನೆಯ ಆಹಾರ, ಆಮೇಲೆ ಎರಡೂ ಪಕ್ಕದಲ್ಲಿ ಅಗಿಯುವುದು. ತಿಂಗಳುಗಟ್ಟಲೆ ಮೆತ್ತನೆಯದನ್ನೇ ತಿಂದರೆ ಸ್ನಾಯು ಇನ್ನಷ್ಟು ದುರ್ಬಲವಾಗುತ್ತದೆ. ಬಿಸಿ ಶಾಖ, ಫಿಸಿಯೋಥೆರಪಿಸ್ಟ್ ಕೈಯಲ್ಲಿ ವಾರಕ್ಕೊಮ್ಮೆ ಮ್ಯಾಸೆಟರಿನ ಗಂಟುಗಳ ಚಿಕಿತ್ಸೆ, ಮನೆಯಲ್ಲಿ ನಿಯಂತ್ರಿತವಾಗಿ ಬಾಯಿ ತೆರೆಯುವ ವ್ಯಾಯಾಮ. ಹೊಟ್ಟೆಯ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡು ನ್ಯಾಪ್ರೋಕ್ಸೆನ್ ಎಂಬ ನೋವುನಿವಾರಕ ಮಾತ್ರೆಯನ್ನು ಹತ್ತು ದಿನ ಮಾತ್ರ ಕೊಡಲಾಯಿತು. ಆತಂಕ ಮತ್ತು ನಿದ್ದೆಗಾಗಿ ಅರಿವಿನ ವರ್ತನಾ ಚಿಕಿತ್ಸೆ ಬಲ್ಲ ಮನಶ್ಶಾಸ್ತ್ರಜ್ಞರ ಬಳಿಗೆ ಕಳುಹಿಸಲಾಯಿತು. ‘ನೋವು ನನ್ನ ಮನಸ್ಸಿನ ಕಲ್ಪನೆ ಎನ್ನುತ್ತೀರಾ’ ಎಂಬ ಪ್ರಶ್ನೆ ನಿರೀಕ್ಷಿತವಾಗಿಯೇ ಬಂತು. ನೋವಿನ ಜಾಗವನ್ನು ಬೆರಳಿನಿಂದ ತೋರಿಸಿಕೊಟ್ಟ ಮೇಲೆ ಆ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ದವಡೆ ಹಿಡಿದುಕೊಳ್ಳುವುದು ಹೆಚ್ಚಾದರೆ, ಅಥವಾ ಹಿಡಿದದ್ದು ಬಿಡದಿದ್ದರೆ, ಕಾಯದೆ ಬರಬೇಕೆಂದು ಬರೆದುಕೊಡಲಾಯಿತು.

ಆರನೆಯ ವಾರಕ್ಕೆ ನೋವಿನ ತೀವ್ರತೆ 63ರಿಂದ 37ಕ್ಕೆ ಇಳಿಯಿತು. ಕಿವಿಯ ತುಂಬಿದ ಭಾವನೆ ಬಹುತೇಕ ಹೋಗಿತ್ತು. ಸದ್ದು ಮಾತ್ರ ಹಾಗೆಯೇ ಇತ್ತು, ಅವರು ಅದರ ಬಗ್ಗೆ ಕೇಳುವುದು ಕಡಿಮೆಯಾಗಿತ್ತು.

ದವಡೆ ಹಿಡಿದುಕೊಂಡದ್ದು

ಏಳನೆಯ ವಾರದಲ್ಲಿ ಒಂದು ಬೆಳಿಗ್ಗೆ ದವಡೆ ಹಿಡಿದುಕೊಂಡಿತು, ಈ ಸಲ ಬಿಡಲಿಲ್ಲ. ಎರಡು ದಿನದ ಮೇಲೆ ಬಂದಾಗ ಬಾಯಿ ತಾನಾಗಿ 27, ಹಿಗ್ಗಿಸಿದಾಗ 30 ಮಿಲಿಮೀಟರ್ ತೆರೆಯುತ್ತಿತ್ತು. ತೆರೆಯುವಾಗ ದವಡೆ ಬಲಕ್ಕೆ ವಾಲಿ ಅಲ್ಲಿಯೇ ಉಳಿಯುತ್ತಿತ್ತು. ಎಡಕ್ಕೆ ಸರಿಯುವುದು 4 ಮಿಲಿಮೀಟರಿಗೆ ಕುಗ್ಗಿತ್ತು, ಬಲಕ್ಕೆ ಸರಿಯುವುದು ಮೊದಲಿನಂತೆಯೇ ಇತ್ತು. ಹತ್ತು ವರ್ಷಗಳಿಂದ ಇದ್ದ ಸದ್ದು ನಿಂತುಹೋಗಿತ್ತು. ಕೀಲಿನ ಹೊರತುದಿಯನ್ನು ಒತ್ತಿದಾಗ ಬಂದ ನೋವು ಈ ಬಾರಿ ಪರಿಚಿತವೇ ಆಗಿತ್ತು: ಎರಡು ದಿನದಿಂದ ಕಾಡುತ್ತಿರುವುದು ಇದೇ ಎಂದರು.

ಮೊದಲ ಭೇಟಿಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಇಲ್ಲ. ಸದ್ದು ನಿಂತಿತು, ನೋವು ಹೆಚ್ಚಾಯಿತು. ನಿರ್ಣಯಗಳನ್ನು ಹೊಸದಾಗಿ ಬರೆಯಲಾಯಿತು: ಮರಳಿ ಕೂಡದ, ಬಾಯಿ ತೆರೆಯುವುದನ್ನು ಸೀಮಿತಗೊಳಿಸಿದ ಡಿಸ್ಕ್ ಸ್ಥಳಾಂತರ, ಅದರೊಡನೆ ಬಲ ಕೀಲಿನ ನೋವು. ಸ್ನಾಯುವಿನ ನಿರ್ಣಯ ಉಳಿಯಿತು, ಆದರೆ ಎರಡನೆಯ ಸ್ಥಾನಕ್ಕೆ ಸರಿಯಿತು. ಹಿಗ್ಗಿಸಿದಾಗಿನ ಅಳತೆ 40ಕ್ಕಿಂತ ಕಡಿಮೆ ಇರುವುದೇ ಈ ನಿರ್ಣಯದ ಆಧಾರ. ಇದರ ಸೂಕ್ಷ್ಮತೆ 0.80, ನಿರ್ದಿಷ್ಟತೆ 0.97 ಇರುವುದರಿಂದ ಎಂಆರ್‌ಐ ಮತ್ತೊಮ್ಮೆ ಮಾಡಿಸುವ ಅಗತ್ಯ ಕಾಣಲಿಲ್ಲ. ಸ್ನಾಯು ಬಿಗಿತದಿಂದಲೂ ಬಾಯಿ ತೆರೆಯದೆ ಹೋಗಬಹುದು, ಆದರೆ ಆಗ ಮೆಲ್ಲನೆ ಹಿಗ್ಗಿಸಿದರೆ ಸಾಮಾನ್ಯವಾಗಿ ಇನ್ನಷ್ಟು ತೆರೆಯುತ್ತದೆ, ಪಕ್ಕದ ಚಲನೆ ಒಂದೇ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಇಲ್ಲಿ ಬಾಯಿ ಒಂದು ಗಟ್ಟಿ ತಡೆಗೆ ಬಂದು ನಿಲ್ಲುತ್ತಿತ್ತು.

ಅಂದೇ ಹೆಬ್ಬೆರಳನ್ನು ಕೆಳದವಡೆ ಹಲ್ಲುಗಳ ಮೇಲಿಟ್ಟು, ಕಾಂಡೈಲನ್ನು ಕೆಳಕ್ಕೂ ಮುಂದಕ್ಕೂ ಎಳೆಯುವ ಕೈಚಳಕವನ್ನು ಪ್ರಯತ್ನಿಸಲಾಯಿತು. 4 ಮಿಲಿಮೀಟರ್ ಸಿಕ್ಕಿತು, ಡಿಸ್ಕ್ ಮರಳಲಿಲ್ಲ. ಬಲಪ್ರಯೋಗಕ್ಕೆ ಹೋಗಲಿಲ್ಲ.

ಮುಂದೇನು ಎಂಬಲ್ಲಿ ನಿಜವಾದ ಭಿನ್ನಾಭಿಪ್ರಾಯಗಳಿವೆ. ಕೀಲಿನ ಮೇಲಿನ ಕೋಣೆಗೆ ಎರಡು ಸೂಜಿಗಳನ್ನು ತೂರಿಸಿ ದ್ರವ ಹರಿಸಿ ತೊಳೆಯುವ ಆರ್ಥ್ರೊಸೆಂಟೆಸಿಸ್ ಅನ್ನು 1991ರಲ್ಲಿ ಡೊರಿಟ್ ನಿಟ್ಜಾನ್ ಮತ್ತು ಸಹೋದ್ಯೋಗಿಗಳು ಇಂಥ ಹಠಾತ್ ಹಿಡಿತಕ್ಕೆಂದೇ ವಿವರಿಸಿದ್ದರು. 2023ರ ಮಾರ್ಗಸೂಚಿ ಅದರ ವಿರುದ್ಧವಿದೆ ಎಂದು ಇಲ್ಲಿ ವಾದಿಸುವುದು ಸರಿಯಲ್ಲ. ಆ ಮಾರ್ಗಸೂಚಿ ದೀರ್ಘಕಾಲದ ನೋವಿನ ಕುರಿತದ್ದು, ಎರಡು ದಿನದ ಹಿಡಿತದ ಕುರಿತದ್ದಲ್ಲ. ನಿರ್ಧಾರಕ್ಕೆ ಹೆಚ್ಚು ನೆರವಾದದ್ದು 2007ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗ. ಅದು ದವಡೆ ಹಿಡಿದುಕೊಂಡ 106 ರೋಗಿಗಳನ್ನು ಔಷಧ ಮತ್ತು ಸಲಹೆ, ಪುನಶ್ಚೇತನ, ಆರ್ಥ್ರೊಸ್ಕೋಪಿ (ಕೀಲಿನೊಳಗೆ ದರ್ಶಕ ನಳಿಕೆ ತೂರಿಸಿ ಮಾಡುವ ಚಿಕಿತ್ಸೆ), ತೆರೆದ ಶಸ್ತ್ರಚಿಕಿತ್ಸೆ ಎಂಬ ನಾಲ್ಕು ದಾರಿಗಳಿಗೆ ಹಂಚಿ ಐದು ವರ್ಷ ಗಮನಿಸಿತು. ನಾಲ್ಕೂ ಗುಂಪುಗಳು ಸುಧಾರಿಸಿದವು, ಅವುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯೇ ಪಡೆಯದವರನ್ನು ಎರಡೂವರೆ ವರ್ಷ ಗಮನಿಸಿದ 1998ರ ಇನ್ನೊಂದು ಅಧ್ಯಯನದಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಪೂರ್ತಿಯಾಗಿ ಅಥವಾ ಭಾಗಶಃ ಸುಧಾರಿಸಿದ್ದರು. ನಾಲ್ಕನೆಯವರು ಸುಧಾರಿಸಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಇವೆಲ್ಲವನ್ನೂ ರೋಗಿಯ ಮುಂದಿಟ್ಟು, ಆರು ವಾರ ಕೈಚಿಕಿತ್ಸೆ ಮತ್ತು ಹಿಗ್ಗಿಸುವ ವ್ಯಾಯಾಮ, ಅಷ್ಟರಲ್ಲಿ ಅಳತೆ 35 ದಾಟದಿದ್ದರೆ ಅಥವಾ ನೋವು ಇಳಿಯದಿದ್ದರೆ ಆರ್ಥ್ರೊಸೆಂಟೆಸಿಸ್ ಎಂದು ಒಪ್ಪಂದವಾಯಿತು. ಗಡುವು ಮತ್ತು ಅಳತೆ ಎರಡನ್ನೂ ಮೊದಲೇ ಬರೆದಿಟ್ಟದ್ದರಿಂದ ಅವರ ಆತಂಕ ಎಷ್ಟೋ ಇಳಿಯಿತು.

ನ್ಯಾಪ್ರೋಕ್ಸೆನ್ ಇನ್ನೆರಡು ವಾರ ನಡೆಯಿತು. ದಿನಕ್ಕೆ ಹಲವು ಬಾರಿ, ಬಿಸಿ ಶಾಖದ ನಂತರ, ಬೆರಳಿನಿಂದ ಬಾಯಿಯನ್ನು ಮೆಲ್ಲನೆ ಹಿಗ್ಗಿಸಿ ಹಿಡಿಯುವುದು, ಎಡಕ್ಕೆ ಸರಿಸುವುದು. ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ಬಾರಿ ಕೀಲನ್ನು ಸಡಿಲಿಸಿದರು. ಹಿಗ್ಗಿಸಿದ ಅಳತೆ ಆರು ವಾರಕ್ಕೆ 37ಕ್ಕೂ, ಹಿಡಿದುಕೊಂಡ ನಾಲ್ಕನೆಯ ತಿಂಗಳಿಗೆ 42ಕ್ಕೂ ಬಂತು. ಎಡಕ್ಕೆ ಸರಿಯುವುದು 8 ಮಿಲಿಮೀಟರ್ ಆಯಿತು. ಸೂಜಿಯ ಅಗತ್ಯ ಬೀಳಲಿಲ್ಲ. ಡಿಸ್ಕ್ ಮರಳಿದ್ದರಿಂದ ಹೀಗಾಯಿತು ಎಂದು ತಿಳಿಯಬಾರದು, ಏಕೆಂದರೆ ಸದ್ದು ಮರಳಿರಲಿಲ್ಲ. ಡಿಸ್ಕಿನ ಹಿಂದಿನ, ರಕ್ತನಾಳಗಳೂ ನರಗಳೂ ತುಂಬಿದ ಅಂಗಾಂಶ ಕ್ರಮೇಣ ನಾರುಗಟ್ಟಿ ಭಾರ ಹೊರಲು ಕಲಿಯುತ್ತದೆ, ಮುಂದಿರುವ ಡಿಸ್ಕನ್ನು ಕಾಂಡೈಲ್ ಇನ್ನಷ್ಟು ಮುಂದಕ್ಕೆ ತಳ್ಳಿಕೊಂಡು ಚಲಿಸುತ್ತದೆ. ಕೀಲು ಮೊದಲಿನಂತಾಗಲಿಲ್ಲ, ಬೇರೊಂದು ರೀತಿಯಲ್ಲಿ ಕೆಲಸ ಮಾಡಲು ಹೊಂದಿಕೊಂಡಿತು. ಡಿಸಿ/ಟಿಎಂಡಿಯ ಭಾಷೆಯಲ್ಲಿ ನಿರ್ಣಯ ಎರಡನೆಯ ಸಲ ಬದಲಾಯಿತು: ಮರಳಿ ಕೂಡದ, ಆದರೆ ಬಾಯಿ ತೆರೆಯುವುದನ್ನು ಸೀಮಿತಗೊಳಿಸದ ಡಿಸ್ಕ್ ಸ್ಥಳಾಂತರ. ಕೀಲಿನ ನೋವೆಂಬ ನಿರ್ಣಯವನ್ನು ತೆಗೆದುಹಾಕಲಾಯಿತು.

ಮೊದಲೇ ಡಿಸ್ಕಿಗೆ ಚಿಕಿತ್ಸೆ ಕೊಟ್ಟಿದ್ದರೆ ಹಿಡಿತವನ್ನು ತಪ್ಪಿಸಬಹುದಿತ್ತೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಸದ್ದಿರುವ ಕೀಲುಗಳಲ್ಲಿ ಹೆಚ್ಚಿನವು ಎಂದೂ ಹಿಡಿದುಕೊಳ್ಳುವುದಿಲ್ಲ. ಆಗಾಗ ಹಿಡಿದು ಬಿಡುವ ಚರಿತ್ರೆ ಇದ್ದವರಲ್ಲಿ ಅಪಾಯ ಹೆಚ್ಚು. ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸ್ಪ್ಲಿಂಟನ್ನು ರಾತ್ರಿ ಮಾತ್ರ ಕೆಲಕಾಲ ಕೊಡುವ ವೈದ್ಯರಿದ್ದಾರೆ. ಹಗಲಿರುಳು ಹಾಕಿದರೆ ಅದು ಕಡಿತವನ್ನೇ ಕಾಯಂ ಆಗಿ ಬದಲಿಸಿಬಿಡಬಹುದು. ತಿಂಗಳಿಗೆ ಎರಡು ಮೂರು ಬಾರಿ ಕ್ಷಣಕಾಲ ಹಿಡಿದ ದವಡೆಗೆ ಆ ಬೆಲೆ ತೆರುವುದು ಹೆಚ್ಚಾಗುತ್ತಿತ್ತು ಎಂದೇ ನನ್ನ ಅನಿಸಿಕೆ. ಹಿಡಿತ ವಾರವಾರವೂ ಮರುಕಳಿಸುತ್ತಿದ್ದರೆ ರಾತ್ರಿಯ ಬಳಕೆಯನ್ನು ಪರಿಗಣಿಸುವುದು ನ್ಯಾಯವಾಗುತ್ತಿತ್ತು.

ಒಂದು ವರ್ಷದ ನಂತರ

ನೋವಿನ ತೀವ್ರತೆ ನೂರಕ್ಕೆ 13. ಪಿಎಚ್‌ಕ್ಯೂ-4ರಲ್ಲಿ 3 ಅಂಕ. ಬೇರುನಾಳ ಚಿಕಿತ್ಸೆಗೆ ಗುರಿಯಾಗಬೇಕಿದ್ದ ಹಲ್ಲು ಜೀವಂತವಾಗಿದೆ, ನೋಯುವುದಿಲ್ಲ. ಕೆಲಸದ ಗಡುವುಗಳು ಹತ್ತಿರವಾದಾಗ ಬೆಳಿಗ್ಗೆ ಕೆನ್ನೆ ಬಿಗಿದಿರುತ್ತದೆ. ಆ ದಿನಗಳಲ್ಲಿ ಅವರು ಫೋನಿನ ಸೂಚನೆಯನ್ನು ಮತ್ತೆ ಶುರು ಮಾಡುತ್ತಾರೆ, ಮಾತ್ರೆ ತೆಗೆದುಕೊಳ್ಳುವುದಿಲ್ಲ. ಹಲ್ಲಿನ ಸವೆತ ಮುಂದುವರಿಯುತ್ತಿದೆ ಎಂದು ಕಂಡುಬಂದದ್ದರಿಂದ ಮೆತ್ತನೆಯ ಗಾರ್ಡಿನ ಬದಲು ಎಲ್ಲ ಹಲ್ಲುಗಳನ್ನೂ ಮುಚ್ಚುವ ಗಟ್ಟಿ ಸ್ಪ್ಲಿಂಟನ್ನು ರಾತ್ರಿಗೆ ಮಾಡಿಕೊಡಲಾಗಿದೆ. ದಾಖಲೆಯಲ್ಲಿ ಅದರ ಉದ್ದೇಶವನ್ನು ‘ಹಲ್ಲಿನ ರಕ್ಷಣೆ’ ಎಂದೇ ಬರೆಯಲಾಗಿದೆ, ನೋವಿನ ಚಿಕಿತ್ಸೆ ಎಂದಲ್ಲ. ಬಲ ಕೀಲಿನಲ್ಲಿ ಮರಳು ಉಜ್ಜಿದಂಥ ಸದ್ದು ಕೇಳಿಸಿದರೆ, ಕಡಿತ ಬದಲಾದಂತೆ ಅನ್ನಿಸಿದರೆ, ಇಲ್ಲವೇ ಬಾಯಿ ಮತ್ತೆ 35 ಮಿಲಿಮೀಟರಿಗಿಂತ ಕೆಳಗೆ ಇಳಿದರೆ ಕೀಲಿನ ಮೂಳೆ ಸವೆತವನ್ನು ಶಂಕಿಸಿ ಸಿಟಿ ಮಾಡಿಸುವುದು. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಅಳತೆ ಮತ್ತು ಬೆರಳಿನ ಪರೀಕ್ಷೆ ಸಾಕು.